ಪಾಸಮ್ ಬೇರೆ, ಒಪಾಸಮ್ ಬೇರೆ. ನಿಮ್ಮ ಮುಚ್ಚಿಗೆಯ ಮೇಲಿರುವುದು ಎರಡೂ ಅಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರ, ಅದರ ಕೆಳಗೆ ಒಂದು ಸಾಲು: "ಇದು ಪಾಸಮಾ, ಒಪಾಸಮಾ?" ಚಿತ್ರ ಮೂರು ಕಡೆಯಿಂದ ಬಂದಿರುತ್ತದೆ. ಮೆಲ್ಬರ್ನಿನಲ್ಲೋ ಆಕ್ಲೆಂಡಿನಲ್ಲೋ ಇರುವ ಮಗ ಕಳಿಸಿದ್ದು ಒಂದು. ಟೆಕ್ಸಸ್‌ನಲ್ಲಿರುವ ಮಗಳ ಮನೆಯ ಹಿತ್ತಲಿನದ್ದು ಇನ್ನೊಂದು. ಮೂರನೆಯದು ನಮ್ಮದೇ ಹಂಚಿನ ಮನೆಯ ಮುಚ್ಚಿಗೆಯ ಮೇಲೆ ನಡುರಾತ್ರಿ ದಡಬಡ ಮಾಡಿ ನಿದ್ದೆಗೆಡಿಸಿದ್ದು. ಮೂರಕ್ಕೂ ಉತ್ತರ ಬೇರೆ ಬೇರೆ. ಮೂರನೆಯದಕ್ಕಂತೂ ಚಿತ್ರ ನೋಡುವ ಮೊದಲೇ ಹೇಳಿಬಿಡಬಹುದು: ಅದು ಪಾಸಮೂ ಅಲ್ಲ, ಒಪಾಸಮೂ ಅಲ್ಲ. ಇವೆರಡೂ ಹೊಟ್ಟೆಚೀಲದ ಪ್ರಾಣಿಗಳ ಕುಲದವು: ಪಾಸಮ್ ಆಸ್ಟ್ರೇಲಿಯದ ಕಡೆಯದ್ದು, ಒಪಾಸಮ್ ಅಮೆರಿಕದ್ದು. ಭಾರತದ ಕಾಡುಗಳಲ್ಲಿ ಕಾಂಗರೂವಿನಂತೆ ಮರಿಯನ್ನು ಹೊಟ್ಟೆಚೀಲದಲ್ಲಿ ಸಾಕುವ ಪ್ರಾಣಿ ಒಂದೂ ಇಲ್ಲ.

ಹೆಸರು ತಪ್ಪಿದರೆ ಏನು ಮಹಾ ಎಂದು ಬಿಡುವಂತಿಲ್ಲ. "ಒಪಾಸಮ್‌ಗೆ ಹುಚ್ಚುನಾಯಿ ರೋಗ ತಗಲುವುದೇ ಅಪರೂಪ, ಪಾಪದ ಪ್ರಾಣಿ, ಹೆದರಬೇಡಿ" ಎಂಬ ಅಮೆರಿಕದ ಮಾತು ವಾಟ್ಸಾಪ್‌ನಲ್ಲಿ ಧಾರಾಳ ಓಡಾಡುತ್ತಿದೆ. ಅಲ್ಲಿಯ ಮಟ್ಟಿಗೆ ಅದು ನಿಜ. ಅದನ್ನೇ ನಂಬಿ ಇಲ್ಲಿ ಮರಬೆಕ್ಕಿನ ಮರಿಯನ್ನು ಬರಿಗೈಯಲ್ಲಿ ಎತ್ತಿಕೊಂಡರೆ ಜೀವಕ್ಕೇ ಸಂಚಕಾರ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ನೋಡಿ. ಮೊದಲ ಎರಡು ಹಂತದಲ್ಲೇ ಹತ್ತರಲ್ಲಿ ಒಂಬತ್ತು ಚಿತ್ರಗಳ ಗುಟ್ಟು ಬಿಟ್ಟುಕೊಡುತ್ತದೆ.

ಕೈಯಲ್ಲಿ ಏನಿರಬೇಕು

ವಿದೇಶದ ಚಿತ್ರವಾದರೆ ಎರಡೇ ಸಂಗತಿ ಸಾಕು: ತೆಗೆದ ಊರಿನ ಹೆಸರು, ಬಾಲ ಪೂರ್ತಿ ಕಾಣುವ ಒಂದು ಚಿತ್ರ. ಮುಖ ಮಾತ್ರ ಇರುವ ಚಿತ್ರ ಕಳಿಸಿ "ಗುರುತಿಸಿ" ಎಂದರೆ ಕಷ್ಟ.

ನಮ್ಮ ಮನೆಯದ್ದೇ ಆದರೆ ಒಂದು ಟಾರ್ಚ್, ಅದರ ಗಾಜಿಗೆ ಕಟ್ಟಲು ಕೆಂಪು ಜಿಲೇಟಿನ್ ಕಾಗದ (ಬಿಳಿ ಬೆಳಕಿಗೆ ಪ್ರಾಣಿ ಓಡುತ್ತದೆ, ಕೆಂಪಿಗೆ ಅಷ್ಟಾಗಿ ಬೆದರುವುದಿಲ್ಲ), ಎರಡು ಹಿಡಿ ಅಕ್ಕಿಹಿಟ್ಟು, ಒಂದು ಹತ್ತು ರೂಪಾಯಿ ನಾಣ್ಯ. ನಾಣ್ಯ ಅಳತೆಗೆ. ಅದರ ಅಡ್ಡಳತೆ 27 ಮಿಲಿಮೀಟರ್. ಹೆಜ್ಜೆಯ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಗಾತ್ರ ತಾನೇ ತಿಳಿಯುತ್ತದೆ.

ಹೆಸರಿನ ತಕರಾರು ಶುರುವಾದದ್ದು ಎಲ್ಲಿ

ಒಪಾಸಮ್ ಎಂಬುದು ಅಮೆರಿಕದ ವರ್ಜೀನಿಯ ಭಾಗದ ಮೂಲನಿವಾಸಿಗಳಾದ ಪೌಹಾಟನ್ ಜನರ ಮಾತು. ಅಲ್ಲಿ ನೆಲೆಯೂರಿದ ಇಂಗ್ಲಿಷರು 1610ರ ಆಸುಪಾಸಿನಲ್ಲಿ ಅದನ್ನು ಬರೆದಿಟ್ಟುಕೊಂಡರು. ಕ್ಯಾಪ್ಟನ್ ಜಾನ್ ಸ್ಮಿತ್ 1612ರಲ್ಲಿ ಕೊಟ್ಟ ವರ್ಣನೆಯ ಸಾರ ಹಂದಿಯ ತಲೆ, ಇಲಿಯ ಬಾಲ, ಬೆಕ್ಕಿನ ಗಾತ್ರ. ನಾಲ್ಕು ಶತಮಾನ ಕಳೆದರೂ ಇದಕ್ಕಿಂತ ಚೊಕ್ಕ ಗುರುತು ಬೇರೆ ಸಿಕ್ಕಿಲ್ಲ. 1770ರಲ್ಲಿ ಇಂಗ್ಲಿಷ್ ನಾವಿಕ ಕುಕ್‌ನ ಹಡಗಿನಲ್ಲಿ ಆಸ್ಟ್ರೇಲಿಯ ತಲುಪಿದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಅಲ್ಲಿ ಹೊಟ್ಟೆಚೀಲದ ಸಣ್ಣ ಪ್ರಾಣಿಯೊಂದನ್ನು ನೋಡಿ, ಇದೂ ಒಪಾಸಮ್ ಜಾತಿಯದ್ದೇ ಎಂದುಕೊಂಡ. ಹೆಸರು ಅಂಟಿಕೊಂಡಿತು, ಕಾಲಕ್ರಮದಲ್ಲಿ ಮುಂದಿನ 'ಒ' ಉದುರಿಹೋಯಿತು.

ಇಂಥದ್ದೇ ಎಡವಟ್ಟು ನಮ್ಮ ಹೆಗ್ಗಣದ ಹೆಸರಿನಲ್ಲೂ ಆಗಿದೆ. ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ಬ್ಯಾಂಡಿಕೂಟ್ ಎನ್ನುವುದು ತೆಲುಗಿನ ಪಂದಿಕೊಕ್ಕು ಎಂಬ ಮಾತಿನಿಂದ. ಅದನ್ನೇ ಹೊತ್ತುಕೊಂಡು ಹೋಗಿ ಆಸ್ಟ್ರೇಲಿಯದ ಹೊಟ್ಟೆಚೀಲದ ಇನ್ನೊಂದು ಪ್ರಾಣಿಗೆ ಇಟ್ಟರು. ಅದಕ್ಕೂ ಹೆಗ್ಗಣಕ್ಕೂ ಯಾವ ನಂಟೂ ಇಲ್ಲ. ಪಾಸಮ್, ಒಪಾಸಮ್‌ಗಳ ನಂಟಾದರೂ ಅಷ್ಟಕ್ಕಷ್ಟೆ. ಎರಡೂ ಮಾರ್ಸುಪಿಯಲ್‌ಗಳು, ಅಂದರೆ ತೀರ ಎಳೆಯ ಮರಿ ಹೆತ್ತು ಹೊರಗೆ ಮೊಲೆಗೆ ಕಚ್ಚಿಸಿಕೊಂಡು ಬೆಳೆಸುವ ಪ್ರಾಣಿಗಳು, ಎನ್ನುವುದು ಬಿಟ್ಟರೆ ಇವುಗಳ ವಂಶ ಕವಲೊಡೆದದ್ದು ಡೈನೋಸಾರ್‌ಗಳ ಕಾಲದಲ್ಲಿ. ಪಾಸಮ್‌ಗೆ ಹತ್ತಿರದ ನಂಟರು ಕಾಂಗರೂ, ಕೋಆಲಗಳೇ ಹೊರತು ಒಪಾಸಮ್ ಅಲ್ಲ.

ಹಂತ 1: ಊರು ಕೇಳಿ, ಸ್ಪೆಲಿಂಗ್ ನೋಡಬೇಡಿ

ಕೆನಡಾದ ದಕ್ಷಿಣದ ಅಂಚಿನಿಂದ ಅರ್ಜೆಂಟೀನದವರೆಗೆ ಎಲ್ಲಿ ಕಂಡರೂ ಅದು ಒಪಾಸಮ್. ಅಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಮೆಕ್ಸಿಕೋದ ಉತ್ತರಕ್ಕೆ ಮಾತ್ರ ಒಂದೇ ಜಾತಿ, ವರ್ಜೀನಿಯ ಒಪಾಸಮ್. ನಿಮ್ಮ ಮಗಳ ಹಿತ್ತಲಿಗೆ ಬಂದಿರುವುದು ಅದೇ.

ಆಸ್ಟ್ರೇಲಿಯ, ನ್ಯೂಗಿನಿ, ಇಂಡೊನೇಷ್ಯದ ಸುಲಾವೆಸಿ ಮತ್ತು ಅದರ ಅಕ್ಕಪಕ್ಕದ ದ್ವೀಪಗಳಲ್ಲಿ ಕಂಡದ್ದು ಪಾಸಮ್. ಸುಮಾರು 70 ಜಾತಿ. ನ್ಯೂಜಿಲೆಂಡಿನಲ್ಲೂ ಇದೆ, ಆದರೆ ಅದು ಅಲ್ಲಿಯದ್ದಲ್ಲ. ತುಪ್ಪಳದ ವ್ಯಾಪಾರಕ್ಕೆಂದು 1837ರಿಂದ ಆಸ್ಟ್ರೇಲಿಯದಿಂದ ತಂದು ಬಿಟ್ಟದ್ದು.

ಹೆಚ್ಚಿನವರು ಎಡವುವುದು ಇಲ್ಲೇ: ವಿಡಿಯೋದಲ್ಲಿ ಪಾಸಮ್ ಎಂದು ಬರೆದಿದೆ, ಹಾಗಾದರೆ ಆಸ್ಟ್ರೇಲಿಯದ್ದು ಎಂದು ತೀರ್ಮಾನಿಸುವುದು. ಅಮೆರಿಕದವರು ಮಾತನಾಡುವಾಗ 'ಒ' ನುಂಗಿ ಪಾಸಮ್ ಎಂದೇ ಹೇಳುತ್ತಾರೆ, ಬರೆಯುವಾಗಲೂ ಎಷ್ಟೋ ಸಲ ಹಾಗೇ. ಆಸ್ಟ್ರೇಲಿಯದವರು ಒಪಾಸಮ್ ಎನ್ನುವುದಿಲ್ಲ. ಆದ್ದರಿಂದ 'ಒ' ಇದ್ದರೆ ಅಮೆರಿಕ ಎನ್ನಬಹುದು, ಇಲ್ಲದಿದ್ದರೆ ಏನೂ ಹೇಳುವಂತಿಲ್ಲ. ನಾವು ಕನ್ನಡದಲ್ಲಿ ಬರೆಯುವಾಗಲಾದರೂ ಅಮೆರಿಕದ್ದಕ್ಕೆ ಒಪಾಸಮ್, ಆಸ್ಟ್ರೇಲಿಯದ್ದಕ್ಕೆ ಪಾಸಮ್ ಎಂದು ಬೇರೆ ಬೇರೆ ಇಡುವುದು ಒಳ್ಳೆಯದು.

ಹಂತ 2: ಬಾಲ

ಊರು ತಿಳಿಯದಿದ್ದರೆ ನೇರ ಬಾಲಕ್ಕೆ ಬನ್ನಿ.

ವರ್ಜೀನಿಯ ಒಪಾಸಮ್‌ನ ಬಾಲ ಬುಡದ ಸ್ವಲ್ಪ ಭಾಗ ಬಿಟ್ಟರೆ ಪೂರ್ತಿ ಬೋಳು. ಇಲಿಯದ್ದರಂತೆ ಹುರುಪೆ ಹುರುಪೆಯಾಗಿ, ಬುಡದಲ್ಲಿ ಕಪ್ಪಗೆ, ಮುಂದೆ ಬಿಳಿಚಿಕೊಂಡಿರುತ್ತದೆ. ಆಸ್ಟ್ರೇಲಿಯದ ಪೇಟೆಗಳಲ್ಲಿ ಹೆಚ್ಚಾಗಿ ಕಾಣುವ ಬ್ರಷ್‌ಟೇಲ್ ಪಾಸಮ್‌ನ ಬಾಲ ಶೀಶೆ ತೊಳೆಯುವ ಬ್ರಷ್ಷಿನಂತೆ ದಟ್ಟ ರೋಮದ ಕಪ್ಪು ಬಾಲ. ಅಲ್ಲಿಯದ್ದೇ ಇನ್ನೊಂದು ರಿಂಗ್‌ಟೇಲ್ ಪಾಸಮ್. ಅದರ ಬಾಲ ತೆಳ್ಳಗೆ, ತುದಿ ಬಿಳಿ, ಸುಮ್ಮನಿರುವಾಗ ಸುರುಳಿ ಸುತ್ತಿಕೊಂಡಿರುತ್ತದೆ.

ಮೂರೂ ಬಾಲಗಳು ಕೊಂಬೆ ಹಿಡಿಯಬಲ್ಲವು. ಐದನೆಯ ಕೈಯಂತೆ ಸುತ್ತಿ ಹಿಡಿಯುವ ಇಂಥ ಬಾಲಕ್ಕೆ ಹಿಡಿತದ ಬಾಲ ಎನ್ನೋಣ. ಬ್ರಷ್‌ಟೇಲ್‌ನದ್ದಕ್ಕೂ ಅಡಿಯಲ್ಲಿ ಹಿಡಿತಕ್ಕೆಂದೇ ಒಂದು ಬೋಳು ಪಟ್ಟಿ ಇದೆ. ಕೆಳಗಿನಿಂದ ತೆಗೆದ ಚಿತ್ರದಲ್ಲಿ ಆ ಪಟ್ಟಿ ಮಾತ್ರ ಕಂಡು ಒಪಾಸಮ್ ಎಂದು ಮೋಸಹೋಗುವವರಿದ್ದಾರೆ. ಇನ್ನೊಂದು ಮೋಸ: ಚಳಿ ಜೋರಿರುವ ಉತ್ತರದ ರಾಜ್ಯಗಳಲ್ಲಿ ಒಪಾಸಮ್‌ನ ಬೋಳು ಬಾಲದ ತುದಿಯೂ ಕಿವಿಯ ಅಂಚೂ ಹಿಮಕ್ಕೆ ಸತ್ತು ಉದುರುತ್ತವೆ. ಮೋಟು ಬಾಲ ನೋಡಿ ಬೇರೆಯೇ ಜಾತಿ ಎಂದುಕೊಳ್ಳಬೇಡಿ.

ಅಂದಹಾಗೆ, ಒಪಾಸಮ್ ಬಾಲದಿಂದ ತಲೆಕೆಳಗಾಗಿ ನೇತುಬಿದ್ದು ಮಲಗುತ್ತದೆ ಎಂಬುದು ಕಾರ್ಟೂನಿನ ಮಾತು. ಬೆಳೆದ ಪ್ರಾಣಿಯ ಭಾರವನ್ನು ಆ ಬಾಲ ಹೆಚ್ಚು ಹೊತ್ತು ತಡೆಯುವುದಿಲ್ಲ. ಅದು ಬಾಲವನ್ನು ಬಳಸುವುದು ಮರ ಇಳಿಯುವಾಗ ಆಧಾರಕ್ಕೆ, ಮತ್ತೆ ಗೂಡಿಗೆ ಒಣ ಎಲೆಯ ಕಂತೆ ಹೊರುವುದಕ್ಕೆ. ಬಾಯಲ್ಲಿ ಎಲೆ ಕಚ್ಚಿ, ಹೊಟ್ಟೆಯಡಿಗೆ ತಳ್ಳಿ, ಬಾಲದಿಂದ ಸುತ್ತಿ, ಸೊಪ್ಪಿನ ಹೊರೆ ಕಟ್ಟಿದಂತೆ ಎಳೆದುಕೊಂಡು ಹೋಗುತ್ತದೆ.

ಹಂತ 3: ಮುಖ ಮತ್ತು ಹಲ್ಲು

ಒಪಾಸಮ್‌ನದ್ದು ಬಿಳಿ ಮುಖ, ಚೂಪು ಮೂತಿ, ರೋಮವಿಲ್ಲದ ಕಪ್ಪು ತೆಳು ಕಿವಿ, ಎಣ್ಣೆ ಕಾಣದ ಕೆದರು ಕೂದಲು. ಬ್ರಷ್‌ಟೇಲ್‌ನದ್ದು ನರಿಯಂಥ ಮುಖ, ನೆಟ್ಟಗೆ ನಿಂತ ದೊಡ್ಡ ರೋಮದ ಕಿವಿ, ಬಾಚಿದಂಥ ತುಪ್ಪಳ. ಚೆಂದದಲ್ಲಿ ಪಾಸಮ್‌ಗೇ ಹೆಚ್ಚು ಅಂಕ ಎನ್ನುವುದರಲ್ಲಿ ತಕರಾರಿಲ್ಲ.

ಬಾಯಿ ತೆರೆದ ಚಿತ್ರ ಸಿಕ್ಕಿದರೆ ಅನುಮಾನಕ್ಕೆ ಜಾಗವೇ ಇರದು. ಒಪಾಸಮ್‌ಗೆ 50 ಹಲ್ಲು. ಉತ್ತರ ಅಮೆರಿಕದ ನೆಲದ ಸಸ್ತನಿಗಳಲ್ಲಿ ಇಷ್ಟು ಹಲ್ಲು ಬೇರೆ ಯಾವುದಕ್ಕೂ ಇಲ್ಲ. ಮುಂದೆ ಸಾಲಾಗಿ ಅಕ್ಕಿಕಾಳಿನಂಥ ಸಣ್ಣ ಬಾಚಿಹಲ್ಲು, ಬದಿಯಲ್ಲಿ ಉದ್ದ ಕೋರೆ. ಪಾಸಮ್‌ನ ಕೆಳದವಡೆಯಲ್ಲಿ ಎದ್ದು ಕಾಣುವುದು ಮುಂದಕ್ಕೆ ಚಾಚಿದ ಎರಡೇ ದೊಡ್ಡ ಹಲ್ಲು. ಕಾಂಗರೂ, ಕೋಆಲಗಳಿಗೂ ಹಾಗೆಯೇ. ಡೈಪ್ರೊಟೊಡಾಂಟ್ ಎಂಬ ಗುಂಪಿನ ಹೆಸರಿನ ಅರ್ಥವೇ 'ಮುಂದಿನ ಎರಡು ಹಲ್ಲಿನವು' ಎಂದು.

ಹಂತ 4: ಹಿಂಗಾಲಿನ ಬೆರಳು

"ಹೆಬ್ಬೆರಳಿದ್ದರೆ ಒಪಾಸಮ್" ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ತಪ್ಪು. ಹಿಂಗಾಲಿನಲ್ಲಿ ಉಗುರಿಲ್ಲದ, ಅಡ್ಡಕ್ಕೆ ಚಾಚಿದ ಹೆಬ್ಬೆರಳು ಎರಡಕ್ಕೂ ಇದೆ. ನೋಡಬೇಕಾದ್ದು ಅದರ ಪಕ್ಕದ ಎರಡು ಬೆರಳುಗಳನ್ನು. ಪಾಸಮ್‌ನಲ್ಲಿ ಆ ಎರಡೂ ಒಂದೇ ಚರ್ಮದೊಳಗೆ ಕೂಡಿಕೊಂಡು, ತುದಿಯಲ್ಲಿ ಮಾತ್ರ ಎರಡು ಉಗುರು ಹೊರಗೆ ಕಾಣುತ್ತವೆ, ಬಾಚಣಿಗೆಯ ಎರಡು ಹಲ್ಲಿನಂತೆ. ಅದು ಮೈ ಬಾಚಿಕೊಳ್ಳುವುದೂ ಅದರಿಂದಲೇ. ಕೂಡುಬೆರಳು ಎಂಬ ಈ ಗುರುತು ಒಪಾಸಮ್‌ಗೆ ಇಲ್ಲ. ಅದರ ಐದು ಬೆರಳೂ ಬಿಡಿಬಿಡಿ.

ಹೊಟ್ಟೆಚೀಲವನ್ನು ಗುರುತಾಗಿ ಹಿಡಿಯಲೇಬೇಡಿ. ಎರಡರ ಹೆಣ್ಣಿಗೂ ಅದು ಇದೆ. ಅಷ್ಟೇ ಅಲ್ಲ, ದಕ್ಷಿಣ ಅಮೆರಿಕದ ಸಣ್ಣ ಮೋಟುಬಾಲದ ಒಪಾಸಮ್‌ಗಳಿಗೆ ಚೀಲವೇ ಇಲ್ಲ. 2007ರಲ್ಲಿ ಹೊಟ್ಟೆಚೀಲದ ಪ್ರಾಣಿಗಳ ಪೈಕಿ ಮೊದಲು ಜೀನೋಮ್, ಅಂದರೆ ಇಡೀ ವಂಶವಾಹಿ ಬರಹ, ಓದಿದ್ದು ಇಂಥ ಚೀಲವಿಲ್ಲದ ಒಪಾಸಮ್‌ನದ್ದೇ.

ಹಂತ 5: ನಡವಳಿಕೆ

ವಿಡಿಯೋ ಇದ್ದರೆ ಈ ಹಂತ ಕೆಲಸಕ್ಕೆ ಬರುತ್ತದೆ. ಸತ್ತಂತೆ ಬೀಳುವುದು ಒಪಾಸಮ್ ಮಾತ್ರ. ಆಸ್ಟ್ರೇಲಿಯದ ಪಾಸಮ್ ಹಾಗೆ ಮಾಡುವುದಿಲ್ಲ.

ಒಪಾಸಮ್ ನೇರವಾಗಿ ಬಿದ್ದುಬಿಡುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂತು ಎನ್ನಿ. ಮೊದಲು ಬಾಯಿ ಅಗಲಿಸಿ ಐವತ್ತೂ ಹಲ್ಲು ತೋರಿಸಿ ಬುಸುಗುಡುತ್ತದೆ, ಜೊಲ್ಲು ಸುರಿಸುತ್ತದೆ. ಜೊಲ್ಲು ನೋಡಿ "ಹುಚ್ಚು ಹಿಡಿದಿದೆ" ಎನ್ನುವವರು ಅಮೆರಿಕದಲ್ಲೂ ಇದ್ದಾರೆ, ಅದು ಬರಿಯ ಬೆದರಿಕೆ. ನಾಯಿ ಹೆದರದೆ ಬಾಯಿ ಹಾಕಿತೋ, ಒಪಾಸಮ್ ಒಂದು ಬದಿಗೆ ಉರುಳುತ್ತದೆ. ಮೈ ಬಿಲ್ಲಿನಂತೆ ಮಡಚಿ, ಪಾದ ಮುದುಡಿ, ಬಾಯಿ ಅರೆತೆರೆದು, ನಾಲಗೆ ಹೊರಗೆ ಬಿದ್ದು, ಕಣ್ಣು ತೆರೆದೇ ಇರುತ್ತದೆ. ಹಿಂಬದಿಯ ಗ್ರಂಥಿಯಿಂದ ಹಸಿರು ಬಣ್ಣದ ಲೋಳೆ ಒಸರಿ ಕೊಳೆತ ಹೆಣದ ನಾತ ಬರುತ್ತದೆ. ಕಾಲು ಹಿಡಿದು ಎತ್ತಿದರೂ ಅಲುಗಾಡದು. ಕೆಲವು ನಿಮಿಷ ಹೀಗಿರಬಹುದು, ಕೆಲವು ಗಂಟೆಯೂ ಇರಬಹುದು. ಎಚ್ಚರಾಗುವಾಗ ಮೊದಲು ಅಲುಗುವುದು ಕಿವಿಯ ತುದಿ, ಆಮೇಲೆ ತಲೆ ಎತ್ತಿ ಸುತ್ತ ನೋಡುತ್ತದೆ.

ಇದನ್ನು ನಟನೆ ಎನ್ನುವುದು ರೂಢಿಯಾದರೂ ಸರಿಯಲ್ಲ. ಬೇಕೆಂದು ಮಾಡುವುದಲ್ಲ, ಭಯಕ್ಕೆ ಮೈ ತಾನೇ ಹಾಗಾಗುತ್ತದೆ. ನಾವು ಬವಳಿ ಬಂದು ಬೀಳುವುದಕ್ಕೆ ಹತ್ತಿರ. ಆದ್ದರಿಂದ "ಏಳು, ನಾಟಕ ಸಾಕು" ಎಂದು ಕೋಲಿನಿಂದ ತಿವಿಯುವ ವಿಡಿಯೋಗಳು ತಮಾಷೆಯಲ್ಲ. ತಿವಿದಷ್ಟೂ ಅದು ಏಳುವುದು ತಡ.

ಬ್ರಷ್‌ಟೇಲ್ ಪಾಸಮ್ ಮೂಲೆಗೆ ಸಿಕ್ಕಿಬಿದ್ದರೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಉಗುರು ಚಾಚುತ್ತದೆ. ಪರಚಿದರೆ ಗಾಯ ಆಳ. ಗಂಟಲಿನಿಂದ ಖೊಕ್ ಖೊಕ್ ಎಂದು ಕೆಮ್ಮಿದಂತೆ, ಗೊರಕೆ ಎಳೆದಂತೆ ದೊಡ್ಡ ಸದ್ದು ಮಾಡುತ್ತದೆ. ಹೊಸದಾಗಿ ಆಸ್ಟ್ರೇಲಿಯಕ್ಕೆ ಹೋದವರು ಮೊದಲ ರಾತ್ರಿ ಕಳ್ಳನೋ ಪ್ರೇತವೋ ಎಂದು ಕಂಗಾಲಾಗುವುದು ಈ ಸದ್ದಿಗೇ. ಎದೆಯ ಗ್ರಂಥಿಯನ್ನು ಕೊಂಬೆಗೆ ಉಜ್ಜಿ ತನ್ನ ಗಡಿ ಗುರುತು ಹಾಕುವ ಪ್ರಾಣಿ ಇದು. ಒಂದೇ ಜಾಗಕ್ಕೆ ಅಂಟಿಕೊಂಡಿರುತ್ತದೆ. ಒಪಾಸಮ್ ಅಲೆಮಾರಿ. ಒಂದು ಬಿಲದಲ್ಲಿ ಎರಡು ಮೂರು ದಿನ ಕಳೆದು ಮುಂದಿನದಕ್ಕೆ ಹೋಗುತ್ತದೆ. ಈ ವ್ಯತ್ಯಾಸ ನೆನಪಿರಲಿ, ಏಳನೇ ಹಂತದಲ್ಲಿ ಬೇಕಾಗುತ್ತದೆ.

ಊಟವೂ ಬೇರೆ. ಪಾಸಮ್‌ಗಳು ಮುಖ್ಯವಾಗಿ ಸೊಪ್ಪು, ಹೂ, ಹಣ್ಣಿನವು. ನೀಲಗಿರಿ ಜಾತಿಯ ಮರದ ಎಲೆ ತಿಂದು ಅರಗಿಸಬಲ್ಲವು, ಜೊತೆಗೆ ನಿಮ್ಮ ಮಗ ನೆಟ್ಟ ಗುಲಾಬಿಯ ಮೊಗ್ಗನ್ನೂ ಬಿಡುವುದಿಲ್ಲ. ಒಪಾಸಮ್‌ಗೆ ಇಂಥದ್ದೇ ಆಗಬೇಕೆಂದಿಲ್ಲ: ಹುಳು, ಬಸವನಹುಳು, ಹಕ್ಕಿಮೊಟ್ಟೆ, ಬಿದ್ದ ಹಣ್ಣು, ನಾಯಿಗಿಟ್ಟ ಅನ್ನ, ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿ, ಎಲ್ಲವೂ ನಡೆಯುತ್ತದೆ. ಅಲ್ಲಿಯ ರಾಟಲ್‌ಸ್ನೇಕ್ ಜಾತಿಯ ಹಾವುಗಳ ವಿಷವನ್ನೂ ತಡೆದುಕೊಳ್ಳಬಲ್ಲದು. ಒಂದು ಒಪಾಸಮ್ ವರ್ಷಕ್ಕೆ ಸಾವಿರಾರು ಉಣ್ಣಿ ತಿಂದು ಮುಗಿಸುತ್ತದೆ ಎಂಬ ಪೋಸ್ಟನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ. ಗೂಡಿನಲ್ಲಿಟ್ಟು ಮಾಡಿದ ಒಂದು ಪ್ರಯೋಗದ ಲೆಕ್ಕದಿಂದ ಹುಟ್ಟಿದ ಮಾತದು. ಆಮೇಲೆ ಕಾಡಿನ ಒಪಾಸಮ್‌ಗಳ ಹೊಟ್ಟೆ ಪರೀಕ್ಷಿಸಿದಾಗ ಉಣ್ಣಿ ಸಿಗಲಿಲ್ಲ.

ಹಂತ 6: ಬೆನ್ನಿನ ಮೇಲೆ ಎಷ್ಟು ಮರಿ? ಎಣಿಸಿ

ಬೆನ್ನಿನ ತುಂಬ ಏಳೆಂಟು ಮರಿ ಹೇರಿಕೊಂಡು ನಡೆಯುತ್ತಿದ್ದರೆ ಒಪಾಸಮ್. ಒಂದೇ ದೊಡ್ಡ ಮರಿ ಕೂತಿದ್ದರೆ ಬ್ರಷ್‌ಟೇಲ್ ಪಾಸಮ್. ಎರಡಿದ್ದರೆ ಹೆಚ್ಚಾಗಿ ರಿಂಗ್‌ಟೇಲ್.

ಒಪಾಸಮ್ ಗಬ್ಬವಾಗಿರುವುದು ಹನ್ನೆರಡು ಹದಿಮೂರು ದಿನ ಮಾತ್ರ. ಹುಟ್ಟುವ ಮರಿ ಜೇನುನೊಣದಷ್ಟು. ಕಣ್ಣಿಲ್ಲ, ಕಿವಿಯಿಲ್ಲ, ಹಿಂಗಾಲು ಬರಿಯ ಮೊಳಕೆ. ಮುಂಗಾಲಿನಿಂದ ತಾಯಿಯ ರೋಮ ಹಿಡಿದು ಈಜಿದಂತೆ ತೆವಳಿ ಚೀಲ ಸೇರಬೇಕು. ಒಳಗಿರುವ ಮೊಲೆತೊಟ್ಟು 13, ಹುಟ್ಟುವ ಮರಿ ಕೆಲವೊಮ್ಮೆ 20ಕ್ಕೂ ಹೆಚ್ಚು. ತೊಟ್ಟು ಸಿಗದ ಮರಿ ಅಲ್ಲಿಗೇ ಮುಗಿಯಿತು. ಸಿಕ್ಕಿದ್ದು ಸುಮಾರು ಎರಡು ತಿಂಗಳು ಅದನ್ನೇ ಕಚ್ಚಿಕೊಂಡಿದ್ದು, ಆಮೇಲೆ ಬೆನ್ನೇರುತ್ತದೆ. ಇಷ್ಟೆಲ್ಲ ಅವಸರಕ್ಕೆ ಕಾರಣವಿದೆ: ಕಾಡಿನಲ್ಲಿ ಒಪಾಸಮ್‌ನ ಆಯಸ್ಸು ಒಂದೆರಡು ವರ್ಷ. ಬ್ರಷ್‌ಟೇಲ್‌ಗೆ ಅಂಥ ಗಡಿಬಿಡಿ ಇಲ್ಲ. ಒಂದೇ ಮರಿ, ಚೀಲದಲ್ಲೇ ನಾಲ್ಕೈದು ತಿಂಗಳು.

ಹಂತ 7: ಅಲ್ಲಿರುವ ಮಕ್ಕಳಿಗೆ ಹೇಳಬೇಕಾದ್ದು

ಅಮೆರಿಕದಲ್ಲಾದರೆ: ಏನೂ ಮಾಡಬೇಡಿ. ರಾತ್ರಿ ನಾಯಿಯ ಊಟದ ತಟ್ಟೆ ಒಳಗಿಡಿ, ಕಸದ ಡಬ್ಬಿ ಮುಚ್ಚಿ, ಅದು ತಾನೇ ಮುಂದೆ ಹೋಗುತ್ತದೆ. ಸತ್ತಂತೆ ಬಿದ್ದಿದ್ದರೆ ನಾಯಿಯನ್ನು ಒಳಗೆ ಕಟ್ಟಿ ಜಾಗ ಬಿಟ್ಟುಕೊಡಿ. ಕುದುರೆ ಸಾಕಿದವರು ಮಾತ್ರ ಮೇವಿನ ಬಳಿ ಸುಳಿಯಗೊಡಬಾರದು. ಒಪಾಸಮ್‌ನ ಹಿಕ್ಕೆಯಿಂದ ಕುದುರೆಗೆ ನರಗಳ ಕಾಯಿಲೆಯೊಂದು ಬರುತ್ತದೆ.

ಆಸ್ಟ್ರೇಲಿಯದಲ್ಲಿ ಪಾಸಮ್‌ಗೆ ಕಾನೂನಿನ ರಕ್ಷಣೆ ಇದೆ. ಹಿಡಿದು ಹತ್ತಾರು ಮೈಲು ದೂರ ಬಿಟ್ಟು ಬರುವುದು ಅಪರಾಧ, ಕ್ರೌರ್ಯವೂ ಹೌದು. ಗಡಿ ಕಾಯುವ ಪ್ರಾಣಿಯನ್ನು ಇನ್ನೊಂದರ ಗಡಿಯೊಳಗೆ ಬಿಟ್ಟರೆ ಉಳಿಯುವುದು ಕಷ್ಟ. ವಿಕ್ಟೋರಿಯ ರಾಜ್ಯದ ನಿಯಮದಂತೆ ಹಿಡಿದ ಜಾಗದಿಂದ 50 ಮೀಟರ್ ಒಳಗೇ ಬಿಡಬೇಕು. ಹಾಗಿದ್ದ ಮೇಲೆ ಹಿಡಿದು ಪ್ರಯೋಜನವೇನು? ಅದಕ್ಕೇ ಅಲ್ಲಿಯವರು ಮರಕ್ಕೆ ಒಂದು ಮರದ ಪೆಟ್ಟಿಗೆ ಕಟ್ಟಿ ಅದಕ್ಕೆ ಬೇರೆ ಮನೆ ಮಾಡಿಕೊಟ್ಟು, ಸಂಜೆ ಅದು ಹೊರಬಿದ್ದ ಮೇಲೆ ಮಾಡಿನ ಸಂದು ಮುಚ್ಚುತ್ತಾರೆ.

ನ್ಯೂಜಿಲೆಂಡಿನಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಅದೇ ಪಾಸಮ್ ಕಾಡು ತಿನ್ನುವ, ಹಕ್ಕಿಯ ಮೊಟ್ಟೆ ಕದಿಯುವ, ದನಗಳಿಗೆ ಕ್ಷಯ ಹರಡುವ ಪೀಡೆ. ಸರಕಾರವೇ ನಿರ್ಮೂಲನೆಗೆ ಹೊರಟಿದೆ. ಮಗ ಆಕ್ಲೆಂಡಿನಿಂದ ತಂದುಕೊಟ್ಟ ಮೆತ್ತನೆ ಶಾಲಿನಲ್ಲಿ ಕುರಿಯ ಉಣ್ಣೆಯ ಜೊತೆ ಪಾಸಮ್ ತುಪ್ಪಳ ಬೆರೆತಿರುವ ಸಾಧ್ಯತೆ ಹೆಚ್ಚು.

ಅಮೆರಿಕ, ಆಸ್ಟ್ರೇಲಿಯ ಎರಡೂ ಕಡೆಗೆ ಒಂದು ಮಾತು: ರಸ್ತೆಯಲ್ಲಿ ಹೆಣ್ಣು ಸತ್ತು ಬಿದ್ದಿದ್ದರೆ ಚೀಲದೊಳಗೆ ಮರಿ ಜೀವಂತ ಇರಬಹುದು. ಕಂಡರೆ ಎಳೆಯಬೇಡಿ. ತೊಟ್ಟು ಮರಿಯ ಬಾಯೊಳಗೆ ಊದಿಕೊಂಡಿರುತ್ತದೆ, ಎಳೆದರೆ ದವಡೆ ಹರಿಯುತ್ತದೆ. ತಾಯಿಯ ಸಮೇತ ಪೆಟ್ಟಿಗೆಯಲ್ಲಿಟ್ಟು ಬೆಚ್ಚಗೆ ವನ್ಯಜೀವಿ ಆರೈಕೆಯವರಿಗೆ ತಲುಪಿಸಬೇಕು.

ಹಂತ 8: ನಮ್ಮ ಮುಚ್ಚಿಗೆ

ಇನ್ನು ಊರಿಗೆ ಬರೋಣ. ಹಂಚಿನ ಮಾಡಿನಡಿ ರಾತ್ರಿ ಓಡಾಡುವ ಬೆಕ್ಕಿನ ಗಾತ್ರದ, ಉದ್ದ ಬಾಲದ ಪ್ರಾಣಿ ಬಹುತೇಕ ಮರಬೆಕ್ಕು. ನೆರೆಮನೆಯ ಮಲಯಾಳಿಗಳು ಮರಪ್ಪಟ್ಟಿ ಎನ್ನುವುದು ಇದನ್ನೇ. ಬೂದುಗಪ್ಪು ಮೈ, ಕಣ್ಣ ಸುತ್ತ ಮುಖವಾಡದಂಥ ಕಪ್ಪು, ಬಾಲದ ಉದ್ದಕ್ಕೂ ರೋಮ. ಆ ಬಾಲ ಕೊಂಬೆ ಸುತ್ತುವುದಿಲ್ಲ, ಕಾಲಿನಲ್ಲಿ ಅಡ್ಡ ಹೆಬ್ಬೆರಳಿಲ್ಲ, ಮರಿಗಳನ್ನು ಬೆನ್ನ ಮೇಲೆ ಹೊರುವುದಿಲ್ಲ. ಬಾಲದಲ್ಲಿ ಕಪ್ಪು ಬಿಳಿ ಪಟ್ಟೆಗಳು ಸ್ಪಷ್ಟವಾಗಿದ್ದು ನೆಲದ ಮೇಲೇ ಹೆಚ್ಚು ಓಡಾಡುವುದಾದರೆ ಪುನುಗುಬೆಕ್ಕು.

"ಒಪಾಸಮ್ ಮರಿ" ಎಂದು ಕಳಿಸುವ ಇನ್ನೊಂದು ಚಿತ್ರ ಗೇಣುದ್ದದ, ಚೂಪು ಮೂತಿಯ, ಬೋಳು ಬಾಲದ ಜೀವಿಯದ್ದು. ಅದು ಸೊಂಡಿಲಿ. ಕಣ್ಣು ಸಾಸಿವೆಯಷ್ಟು, ಬಾಲದ ಬುಡ ದಪ್ಪ, ಹೋದಲ್ಲೆಲ್ಲ ಕಸ್ತೂರಿ ಕೆಟ್ಟಂಥ ವಾಸನೆ. ಅದರ ಮರಿಗಳು ಒಂದರ ಹಿಂದೊಂದು ಕಚ್ಚಿಕೊಂಡು ತಾಯಿಯ ಹಿಂದೆ ರೈಲಿನಂತೆ ಸಾಗುವ ದೃಶ್ಯ ನೋಡಲು ಸೊಗಸು, ಆದರೆ ಒಪಾಸಮ್ ಅಲ್ಲ. ಸೊಂಡಿಲಿ ಇಲಿಯೂ ಅಲ್ಲ, ಹುಳ ತಿಂದು ಬದುಕುವ ಬೇರೆಯೇ ಕುಲ.

ಮರಬೆಕ್ಕೋ ಹೆಗ್ಗಣವೋ ಖಚಿತವಾಗಲು ಹೀಗೆ ಮಾಡಿ:

1. ಹಗಲು ಮುಚ್ಚಿಗೆ ಹತ್ತಿ ಹಿಕ್ಕೆ ಹುಡುಕಿ. ಮರಬೆಕ್ಕು ದಿನಾ ಒಂದೇ ಜಾಗದಲ್ಲಿ ಹಾಕುತ್ತದೆ. ಬೆರಳು ದಪ್ಪ, ತುಂಬ ಬೀಜ: ಬೈನೆ, ಸೀಬೆ, ಪಪ್ಪಾಯಿ, ಕಾಫಿ. ಹೆಗ್ಗಣದ್ದು ಚೆಲ್ಲಾಪಿಲ್ಲಿ, ಬಿಡಿ ಕಾಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬರಿಗೈಯಲ್ಲಿ ಮುಟ್ಟಬೇಡಿ.

2. ಪ್ರಾಣಿ ನಡೆಯುವ ತೊಲೆಯ ಮೇಲೆ, ಗೋಡೆಗೂ ಮಾಡಿಗೂ ನಡುವಿನ ಸಂದಿನಲ್ಲಿ ಅಕ್ಕಿಹಿಟ್ಟನ್ನು ಜರಡಿಯಿಂದ ತೆಳ್ಳಗೆ ಉದುರಿಸಿ. ರಂಗೋಲಿಯಷ್ಟು ದಪ್ಪ ಹಾಕಿದರೆ ಹೆಜ್ಜೆ ಮೂಡುವುದಿಲ್ಲ, ಕಲಸಿಹೋಗುತ್ತದೆ. ಬೆಳಿಗ್ಗೆ ಇರುವೆ ಮುತ್ತುವ ಮೊದಲು ನಾಣ್ಯ ಇಟ್ಟು ಚಿತ್ರ ತೆಗೆಯಿರಿ. ನಾಣ್ಯಕ್ಕಿಂತ ದೊಡ್ಡ, ಐದು ಬೆರಳಿನ, ಬೆಕ್ಕಿನಂಥ ದುಂಡು ಹೆಜ್ಜೆಯಾದರೆ ಮರಬೆಕ್ಕು.

3. ಕತ್ತಲಾಗುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಸದ್ದಿಲ್ಲದೆ ಕೂತು ಕೆಂಪು ಬೆಳಕಿನಲ್ಲಿ ಮಾಡನ್ನು ಗಮನಿಸಿ. ಹೊರಬೀಳುವ ಸಂದು ಯಾವುದೆಂದು ಎರಡು ಮೂರು ರಾತ್ರಿಯಲ್ಲಿ ತಿಳಿಯುತ್ತದೆ. ಆ ಸಂದಿನ ಅಂಚು ಮೈಯುಜ್ಜಿ ಎಣ್ಣೆ ಹಚ್ಚಿದಂತೆ ಕಪ್ಪಾಗಿರುತ್ತದೆ.

4. ಮರಿಗಳ ಸದ್ದು ಕೇಳುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಅವು ತಾಯಿಯೊಂದಿಗೆ ತಾವೇ ಹೊರಗೆ ಹೋಗಿಬರುವವರೆಗೆ ಸಂದು ಮುಚ್ಚಬೇಡಿ. ಮುಚ್ಚಿದರೆ ತಾಯಿ ಹಂಚು ಕಿತ್ತು ಒಳನುಗ್ಗುತ್ತದೆ, ಇಲ್ಲವೇ ಮರಿ ಒಳಗೇ ಸತ್ತು ಮನೆ ನಾರುತ್ತದೆ.

5. ಎಲ್ಲ ಹೊರಗೆ ಹೋದ ರಾತ್ರಿ ಸಂದನ್ನು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್‌ನಿಂದ ಮುಚ್ಚಿ, ಮೊಳೆಯಲ್ಲ, ಸ್ಕ್ರೂ ಹಾಕಿ. ಪ್ಲಾಸ್ಟಿಕ್ ಬಲೆ, ಗೋಣಿತುಂಡು ಒಂದು ರಾತ್ರಿಗೂ ಬಾಳುವುದಿಲ್ಲ. ಮಾಡಿಗೆ ತಾಗುವ ಹಲಸಿನ, ಮಾವಿನ ಕೊಂಬೆಗಳನ್ನು ಕನಿಷ್ಠ ಎರಡು ಮೀಟರ್ ದೂರಕ್ಕೆ ಕಡಿಯಿರಿ.

6. ಹಣ್ಣಾಗಲೆಂದು ಅಟ್ಟದಲ್ಲಿ ನೇತುಹಾಕಿದ ಬಾಳೆಗೊನೆಯನ್ನು ಇಳಿಸಿ. ಸಂದು ಮುಚ್ಚಿ ಗೊನೆ ಅಲ್ಲೇ ಬಿಟ್ಟರೆ ಅದು ಇನ್ನೊಂದು ಸಂದು ಹುಡುಕುತ್ತದೆ. ಹೆಚ್ಚಿನ ಮನೆಗಳಲ್ಲಿ ಮೇಲಿನದೆಲ್ಲ ಮಾಡಿಯೂ ಸೋಲುವುದು ಈ ಒಂದು ಕಾರಣಕ್ಕೆ.

ಇಲಿಪಾಷಾಣ, ಉರುಳು, ಕರೆಂಟು ತಂತಿ ಯಾವುದೂ ಕೂಡದು. ಮರಬೆಕ್ಕು, ಪುನುಗುಬೆಕ್ಕುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಗೂಡಿಟ್ಟು ಹಿಡಿಯುವುದಕ್ಕೂ ಅನುಮತಿ ಬೇಕು. ಕೈಮೀರಿದರೆ ಹತ್ತಿರದ ಅರಣ್ಯ ರೇಂಜ್ ಕಚೇರಿಗೆ ತಿಳಿಸಿ.

ಕಚ್ಚಿದರೆ, ಪರಚಿದರೆ

ಒಪಾಸಮ್‌ನ ಮೈಬಿಸಿ ಬೇರೆ ಸಸ್ತನಿಗಳಿಗಿಂತ ಕಡಿಮೆ. ಅದಕ್ಕೆ ರೇಬೀಸ್ ಅಪರೂಪವಾಗಲು ಇದೇ ಕಾರಣವಿರಬಹುದು ಎನ್ನುತ್ತಾರೆ. ನಮ್ಮ ಮರಬೆಕ್ಕು, ಮುಂಗುಸಿಗಳಿಗೆ ಅಂಥ ರಿಯಾಯಿತಿ ಇಲ್ಲ, ಅವುಗಳಿಗೆ ರೇಬೀಸ್ ಬರುತ್ತದೆ. ಹಗಲಿನಲ್ಲಿ ಅಂಗಳಕ್ಕೆ ಬಂದು ಮನುಷ್ಯರಿಗೆ ಹೆದರದೆ ನಿಲ್ಲುವ, ತೂರಾಡುವ ಮರಬೆಕ್ಕಿನ ಬಳಿ ಹೋಗಲೇಬೇಡಿ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಳ್ಳಿ.

ಹಲ್ಲು ತಾಗಿದರೆ ಗಡಿಯಾರ ನೋಡಿಕೊಂಡು 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಮೆತ್ತಬೇಡಿ, ಬಟ್ಟೆ ಬಿಗಿದು ಕಟ್ಟಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ "ಕಾಡುಪ್ರಾಣಿ ಕಚ್ಚಿದ್ದು" ಎಂದು ಸ್ಪಷ್ಟವಾಗಿ ಹೇಳಿ. ಬೆಕ್ಕು ಎಂದಷ್ಟೇ ಹೇಳಿದರೆ ಸಾಕುಬೆಕ್ಕು ಎಂದುಕೊಳ್ಳುವ ಸಾಧ್ಯತೆ ಇದೆ. ಕಾಡುಪ್ರಾಣಿಯ ಕಚ್ಚುವಿಕೆಯನ್ನು ಮೂರನೇ ದರ್ಜೆಯ, ಅಂದರೆ ಅತಿ ಗಂಭೀರ, ಗಾಯವೆಂದು ಪರಿಗಣಿಸಿ ಲಸಿಕೆಯ ಜೊತೆಗೆ ಗಾಯದೊಳಗೇ ಇಮ್ಯುನೊಗ್ಲಾಬುಲಿನ್ (ತಕ್ಷಣ ಕೆಲಸ ಮಾಡುವ ಸಿದ್ಧ ಪ್ರತಿಕಾಯ) ಕೊಡುತ್ತಾರೆ. ಚರ್ಮದೊಳಗೆ ಚುಚ್ಚುವ ಲಸಿಕೆಯ ದಿನಗಳು 0, 3, 7, 28. ಮೊದಲ ಚುಚ್ಚುಮದ್ದಿನ ದಿನವೇ ಸೊನ್ನೆ. ಗಾಯ ಒಣಗಿತೆಂದು ಕೊನೆಯದ್ದನ್ನು ತಪ್ಪಿಸುವವರು ಬಹಳ, ಚೀಟಿಯನ್ನು ಕ್ಯಾಲೆಂಡರಿಗೆ ಪಿನ್ ಹಾಕಿಡಿ.